ಸಣ್ಣ ಕಾರು ಅಗ್ಗವಾಯಿತು, ನಿತ್ಯದ ಓಡಾಟ ಅಗ್ಗವಾಯಿತೇ?

ಬೆಂಗಳೂರು: ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18ಕ್ಕೆ ಇಳಿಯಿತು. ಪೆಟ್ರೋಲ್ ಕಾರುಗಳ ಮೇಲಿದ್ದ ಶೇ 1ರ ಉಪಕರವೂ ರದ್ದಾಯಿತು. ನಾಲ್ಕು ಮೀಟರ್ ಮೀರದ ಉದ್ದ ಹಾಗೂ 1,200 ಸಿಸಿ ಮೀರದ ಪೆಟ್ರೋಲ್ ಎಂಜಿನ್ ಉಳ್ಳ ಕಾರುಗಳಿಗೆ ಈ ರಿಯಾಯಿತಿ ಅನ್ವಯಿಸುತ್ತದೆ. ಎಸ್‌ಯುವಿಗಳ ಭರಾಟೆಯಲ್ಲಿ ಮೂಲೆಗುಂಪಾಗಿದ್ದ ಸಣ್ಣ ಕಾರಿನತ್ತ ಮಧ್ಯಮ ವರ್ಗ ಮತ್ತೆ ಕಣ್ಣು ಹಾಯಿಸುವಂತಾಗಿದೆ.

ತೆರಿಗೆರಹಿತ ಬೆಲೆ 4 ಲಕ್ಷ ರೂಪಾಯಿ ಇರುವ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಿಂದೆ ಅದು 5.16 ಲಕ್ಷಕ್ಕೆ ದೊರೆಯುತ್ತಿತ್ತು. ಹೊಸ ದರದಲ್ಲಿ 4.72 ಲಕ್ಷ. ಉಳಿತಾಯ 44 ಸಾವಿರ. ಆದರೆ ಈ ಹಣ ಗ್ರಾಹಕನ ಜೇಬಿನಲ್ಲಿ ಉಳಿಯುವುದೇ ಎಂಬುದು ಸಾಲದ ಅವಧಿಯನ್ನು ಅವಲಂಬಿಸಿದೆ. ಶೇ 9ರ ಬಡ್ಡಿಗೆ ಪಡೆದ 5 ಲಕ್ಷ ಸಾಲವನ್ನು ಐದು ವರ್ಷಗಳಲ್ಲಿ ತೀರಿಸಿದರೆ ಮಾಸಿಕ ಕಂತು ಸುಮಾರು 10,380 ರೂಪಾಯಿ. ಏಳು ವರ್ಷಕ್ಕೆ ವಿಸ್ತರಿಸಿದರೆ ಕಂತು 8,045ಕ್ಕೆ ಇಳಿಯುತ್ತದೆ. ಒಟ್ಟು ಬಡ್ಡಿ ಮಾತ್ರ ಸುಮಾರು 53 ಸಾವಿರ ಏರುತ್ತದೆ. ಅಂದರೆ, ಸರ್ಕಾರ ಬಿಟ್ಟುಕೊಟ್ಟಿದ್ದು ಬ್ಯಾಂಕಿನ ಪಾಲಾಗುತ್ತದೆ. ಜೀವಿತಾವಧಿ ರಸ್ತೆ ತೆರಿಗೆ, ವಿಮೆ ಬೇರೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರಿಂದಲೇ ಕಡ್ಡಾಯ.

ಇಂಧನದ ಲೆಕ್ಕಾಚಾರ

ಟಾಮ್‌ಟಾಮ್ ಸಂಸ್ಥೆಯ 2023ರ ವರದಿಯ ಪ್ರಕಾರ ಬೆಂಗಳೂರಿನ ಕೇಂದ್ರ ಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಇಂಥ ದಟ್ಟಣೆಯಲ್ಲಿ ಜಾಹೀರಾತಿನ ಮೈಲೇಜ್ ನಂಬಿ ಲೆಕ್ಕ ಹಾಕುವುದು ಸಲ್ಲದು. ದಿನಕ್ಕೆ 30 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಿಸಿದರೆ 750 ಕಿ.ಮೀ. ಆಗುತ್ತದೆ. ಲೀಟರಿಗೆ 15 ಕಿ.ಮೀ. ಮೈಲೇಜ್, 103 ರೂಪಾಯಿ ದರ ಎಂದು ಹಿಡಿದರೆ ಪೆಟ್ರೋಲ್ ವೆಚ್ಚ 5,150 ರೂಪಾಯಿ. ಸಿಎನ್‌ಜಿಯಲ್ಲಿ ಕಿಲೋಗೆ 25 ಕಿ.ಮೀ., 90 ರೂಪಾಯಿ ಎಂದುಕೊಂಡರೆ 2,700 ರೂಪಾಯಿ. ಆದರೆ ಸಿಎನ್‌ಜಿ ಮಾದರಿಯ ಬೆಲೆ ಸುಮಾರು 90 ಸಾವಿರ ಹೆಚ್ಚು. ಆ ಹಣ ಮರಳಲು ಮೂರು ವರ್ಷ ಹಿಡಿಯುತ್ತದೆ. ಸಿಲಿಂಡರ್ ಡಿಕ್ಕಿಯ ಜಾಗ ಕಬಳಿಸುವುದೂ, ಬಂಕ್‌ಗಳಲ್ಲಿ ಸರದಿ ಕಾಯಬೇಕಾಗುವುದೂ ಲೆಕ್ಕಕ್ಕೆ ಬರಬೇಕು.

ವಿದ್ಯುತ್ ಕಾರು ಒಂದು ಯೂನಿಟ್‌ಗೆ 7.5 ಕಿ.ಮೀ. ಓಡಿದರೆ ಇಷ್ಟೇ ದೂರಕ್ಕೆ 100 ಯೂನಿಟ್ ಸಾಕು. ಮನೆಯ ವಿದ್ಯುತ್ ಯೂನಿಟ್‌ಗೆ 7 ರೂಪಾಯಿಯಾದರೆ ತಿಂಗಳಿಗೆ 700 ರೂಪಾಯಿ. ಆದರೆ ಈ ಲಾಭ ಸ್ವಂತ ನಿಲುಗಡೆ ಜಾಗವೂ ಚಾರ್ಜಿಂಗ್ ಪ್ಲಗ್ಗೂ ಇದ್ದವರಿಗೆ ಮಾತ್ರ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವ ಬಾಡಿಗೆದಾರರಿಗೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರವೇ ಗತಿ. ಅಲ್ಲಿನ ದರ ಮನೆಯ ದರಕ್ಕಿಂತ ಬಹಳ ಹೆಚ್ಚು.

ಬೆಲೆಯೊಂದೇ ಮಾನದಂಡವಲ್ಲ

ಅಗ್ಗದ ಬೆಲೆಯೊಂದೇ ಕಾರನ್ನು ಗೆಲ್ಲಿಸದು ಎಂಬುದಕ್ಕೆ ಟಾಟಾ ನ್ಯಾನೊ ಸಾಕ್ಷಿ. ಒಂದು ಲಕ್ಷದ ಕಾರೆಂದು 2008ರಲ್ಲಿ ಅನಾವರಣಗೊಂಡ ಅದರ ತಯಾರಿಕೆ 2018ರಲ್ಲಿ ನಿಂತೇ ಹೋಯಿತು. ಈಗಿನ ಗ್ರಾಹಕ ಸುರಕ್ಷತೆಯನ್ನೂ ಕೇಳುತ್ತಾನೆ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರಿಗೆ ದೊರೆತ ನಕ್ಷತ್ರಗಳನ್ನು ನೋಡಿಯೇ ಮುಂಗಡ ನೀಡುವುದು ಜಾಣತನ. ಕ್ಲಚ್ ತುಳಿದು ಕಾಲು ಸೋತವರಿಗೆ ಎಎಂಟಿ ಗೇರ್ ವ್ಯವಸ್ಥೆ ವರವೇ ಸರಿ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ದೇಶಕ್ಕೆ ಪರಿಚಯವಾದ ಈ ಸೌಲಭ್ಯಕ್ಕೆ ಸುಮಾರು 50 ಸಾವಿರ ಹೆಚ್ಚು ತೆರಬೇಕು.

ಆರ್.ವಿ. ರಸ್ತೆ–ಬೊಮ್ಮಸಂದ್ರ ಮೆಟ್ರೊ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾದ ಬಳಿಕ ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಗಳಿಗೆ ಇನ್ನೊಂದು ದಾರಿ ತೆರೆದಿದೆ. ನಿಲ್ದಾಣದವರೆಗಷ್ಟೇ ಕಾರು ಬಳಸುವುದಾದರೆ ತಿಂಗಳ ಓಟ ಮೂರನೇ ಒಂದು ಭಾಗಕ್ಕೆ ಇಳಿಯಬಹುದು. ಆಗ ಸಿಎನ್‌ಜಿಗೆ ತೆತ್ತ ಹೆಚ್ಚುವರಿ ಹಣ ಮರಳಲು ಮೂರರ ಬದಲು ಒಂಬತ್ತು ವರ್ಷ ಬೇಕು. ಅಂಥವರಿಗೆ ಸಣ್ಣ ಪೆಟ್ರೋಲ್ ಕಾರೇ ಲೇಸು. ಆದ್ದರಿಂದ ಷೋರೂಂಗೆ ಹೋಗುವ ಮೊದಲು ತಿಂಗಳಿಗೆ ಎಷ್ಟು ಕಿ.ಮೀ. ಓಡಾಟ, ರಾತ್ರಿ ಕಾರು ನಿಲ್ಲುವುದೆಲ್ಲಿ, ಕಂತು ಎಷ್ಟು ವರ್ಷ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಒಳಿತು.