ಹೆಸರು, ನಕ್ಷತ್ರ ಗೊತ್ತಿಲ್ಲದವರ ಹೆಸರಲ್ಲಿ

ಹೋದ ವರ್ಷ ನಮ್ಮ ಹಾಸ್ಟೆಲ್ ರೂಮಲ್ಲಿ ಒಂದು ಜಗಳ ಆಯ್ತು. ಒಂದು ಕಡೆ ನಾವು ಮೂವರು, ಇನ್ನೊಂದು ಕಡೆ ನಮ್ಮ ರೂಮ್‌ಮೇಟ್ ಒಬ್ಬನೇ. ಅವನ ಅಕ್ಕನ ಮಗಳಿಗೆ ಆಗ ಎರಡೂವರೆ ವರ್ಷ. ಲಿವರ್ ಹಾಳಾಗಿದೆ, ಕಸಿ ಮಾಡದೆ ಬೇರೆ ದಾರಿ ಇಲ್ಲ ಅಂತ ಡಾಕ್ಟರ್ ಹೇಳಿದ್ದರು. ಅವತ್ತು ಇಂಟರ್ನಲ್ಸ್ ಮುಗಿಸಿ ಅವನು ಧರ್ಮಸ್ಥಳಕ್ಕೆ ಹೊರಟಿದ್ದ. ಅವನಜ್ಜಿ ಮನೆಯವರೆಲ್ಲ ಮುಡಿ ಕೊಡ್ತೀವಿ ಅಂತ ಹರಕೆ ಹೊತ್ತಿದ್ದರು. ನಮ್ಮಲ್ಲೊಬ್ಬ, "ಮಗುಗೆ ಬೇಕಾಗಿರೋದು ಲಿವರ್, ನೀನು ಕೊಡೋದು ಕೂದಲು. ಇದ್ಯಾವ ಲಾಜಿಕ್ಕೋ?" ಅಂದುಬಿಟ್ಟ. ಎಲ್ಲರೂ ನಕ್ಕೆವು. ಅವನು ನಗಲಿಲ್ಲ. ಬ್ಯಾಗ್ ಎತ್ಕೊಂಡು ಹೋದ.

ಆ ನಗು ತಪ್ಪು ಅಂತ ನಮಗೆ ಅರ್ಥ ಆಗೋಕೆ ತಿಂಗಳುಗಳೇ ಬೇಕಾದವು.

ಮೊದಲಿಗೆ, ನಗೋಕೆ ನಾವ್ಯಾರು? ಎಲ್‌ಕೇಜಿಯಿಂದ ಇಂಗ್ಲಿಷ್ ಮೀಡಿಯಂ, ಪಿಯುಸಿಯಲ್ಲಿ ಸೈನ್ಸ್, ಈಗ ಇಂಜಿನಿಯರಿಂಗ್. ಆದ್ರೂ ಎಕ್ಸಾಮ್ ದಿನ ಹಾಲ್ ಟಿಕೆಟ್ಟನ್ನ ದೇವರ ಮುಂದೆ ಇಟ್ಟೇ ಹೊರಡ್ತೀವಿ. ಆಯುಧಪೂಜೆ ದಿನ ವರ್ಕ್‌ಶಾಪಿನ ಲೇತ್‌ಗೂ ಕುಂಕುಮ, ಬೈಕಿನ ಚಕ್ರಕ್ಕೆ ನಿಂಬೆಹಣ್ಣು. ಎಂ-3 ಪಾಸಾಗೋಕೆ ದೇವರು ಬೇಕು, ಆದರೆ ಸಾವಿನ ಅಂಚಲ್ಲಿರೋ ಮಗು ಮನೆಯವರು ಕೈ ಮುಗಿದರೆ ಮೂಢನಂಬಿಕೆ. ಇದ್ಯಾವ ನ್ಯಾಯ?

ಹಾಗಂತ ನಂಬಿಕೆ ಹೆಸರಲ್ಲಿ ನಡೆಯೋದೆಲ್ಲ ಸರಿ ಅಂತ ನಾವು ಹೇಳ್ತಿಲ್ಲ. ಆ ಮಗುಗೆ ಇದ್ದದ್ದು ಬಿಲಿಯರಿ ಅಟ್ರೀಸಿಯಾ ಅನ್ನೋ ಕಾಯಿಲೆ. ಲಿವರ್‌ನಿಂದ ಪಿತ್ತ ಹೊರಗೆ ಹರಿಯುವ ನಾಳಗಳೇ ಮುಚ್ಚಿಹೋಗಿರುತ್ತವೆ. ಕಣ್ಣು ಹಳದಿ, ಮಲ ಬಿಳಿಚಿಕೊಂಡಿರುತ್ತೆ. ಲಿವರ್‌ಗೆ ಕರುಳನ್ನ ನೇರವಾಗಿ ಜೋಡಿಸೋ ಒಂದು ಆಪರೇಷನ್ ಇದೆ. ಹುಟ್ಟಿದ ಎರಡು ತಿಂಗಳೊಳಗೆ ಮಾಡಿದರೆ ಗುಣ ಕಾಣೋ ಸಾಧ್ಯತೆ ಹೆಚ್ಚು. ಇವರ ಮನೇಲಿ ಮೊದಲು "ಕಾಮಾಲೆ, ತಾನಾಗೇ ಹೋಗುತ್ತೆ" ಅಂದರು, ಆಮೇಲೆ ಯಾರೋ ಹೇಳಿದ ನಾಟಿ ಔಷಧಿ. ಆಸ್ಪತ್ರೆಗೆ ಹೋದಾಗ ಮಗುಗೆ ಮೂರು ತಿಂಗಳು. ಆಪರೇಷನ್ ಆಯ್ತು, ಸ್ವಲ್ಪ ಕಾಲ ತಡೀತು, ಅಷ್ಟೇ. ನಂಬಿಕೆ ಆಸ್ಪತ್ರೆಯ ದಾರಿಗೆ ಅಡ್ಡ ಬಂದರೆ ಅದನ್ನ ಬೇಡ ಅನ್ನಲೇಬೇಕು. ಆದರೆ ನಾವು ನಕ್ಕಿದ್ದು ಅದಕ್ಕಲ್ಲ. ಆಸ್ಪತ್ರೆ ಹೇಳಿದ್ದನ್ನೆಲ್ಲ ಮಾಡಿ, ಇನ್ನು ಮಾಡೋಕೆ ಏನೂ ಉಳಿಯದೇ ಇದ್ದಾಗ ಹೊತ್ತ ಹರಕೆಗೆ.

ಏನೂ ಉಳಿದಿರಲಿಲ್ಲ, ನಿಜ. ಲಿವರ್ ವಿಷಯದಲ್ಲಿ ಬದುಕಿರುವವರೂ ಒಂದು ಭಾಗ ಕೊಡಬಹುದು, ಅದು ಮತ್ತೆ ಬೆಳೆಯುತ್ತೆ. 1998ರಲ್ಲಿ ದೆಹಲಿಯಲ್ಲಿ 20 ತಿಂಗಳ ಮಗುವೊಂದಕ್ಕೆ ಅದರ ಅಪ್ಪನೇ ಲಿವರ್‌ನ ಭಾಗ ಕೊಟ್ಟರು. ಮಕ್ಕಳ ಲಿವರ್ ಕಸಿ ನಮ್ಮ ದೇಶದಲ್ಲಿ ಯಶಸ್ವಿಯಾಗಿದ್ದು ಅದೇ ಮೊದಲು. ಆ ಮಗು ದೊಡ್ಡವನಾಗಿ ಡಾಕ್ಟರ್ ಆದ. ಇದನ್ನ ನಮ್ಮ ರೂಮ್‌ಮೇಟ್ ಅಜ್ಜಿಗೆ ಎಷ್ಟು ಸಲ ಹೇಳಿದ್ದನೋ! ಆದರೆ ಇಲ್ಲಿ ಅಪ್ಪನ ರಕ್ತದ ಗುಂಪು ಕೂಡಲಿಲ್ಲ. ಅಮ್ಮನ ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಅಂತ ಬೇಡ ಅಂದರು. ಇವನೂ ಟೆಸ್ಟ್ ಮಾಡಿಸ್ಕೊಂಡ, ಇವನದೂ ಆಗಲಿಲ್ಲ. ಕೊನೆಗೆ ಉಳಿದಿದ್ದು ರಾಜ್ಯದ ವೇಟಿಂಗ್ ಲಿಸ್ಟು. ನಮ್ಮಲ್ಲಿ ಅದನ್ನ ನೋಡ್ಕೊಳ್ಳೋ ಸರ್ಕಾರಿ ವ್ಯವಸ್ಥೆ 'ಜೀವಸಾರ್ಥಕತೆ'. ಹೆಸರು ಬರೆಸಿದ ಮೇಲೆ ಫೋನ್ ಸ್ವಿಚ್ ಆಫ್ ಮಾಡದೇ ಕಾಯೋದೇ ಕೆಲಸ. ಆ ಕಾಯೋ ರಾತ್ರಿಗಳಲ್ಲಿ ಮನುಷ್ಯ ಏನು ಮಾಡಬೇಕು ಅಂತ ಯಾವ ಟೆಕ್ಸ್ಟ್ ಬುಕ್ಕಲ್ಲೂ ಇಲ್ಲ. ಅಜ್ಜಿ ದೀಪ ಹಚ್ಚಿದರು.

ಒಂದು ದಿನ ಅವನೇ ಹೇಳಿದ: "ಅಜ್ಜಿ ಈಗ ಲಿವರ್ ಸಿಗ್ಲಿ ಅಂತ ಬೇಡ್ಕೊಳ್ಳಲ್ಲ ಕಣ್ರೋ. ಹಂಗೆ ಕೇಳಿದ್ರೆ ಯಾರದೋ ಮನೆ ಮಗ ಸಾಯ್ಲಿ ಅಂತ ಕೇಳ್ದಂಗೆ ಆಗುತ್ತಂತೆ. ಸುಮ್ನೆ 'ಮಗೂನ ನೋಡ್ಕೋ ಮಂಜುನಾಥ' ಅಂತಾಳೆ, ಅಷ್ಟೇ."

ನಮಗೆ ಈ ಯೋಚನೆ ಬಂದೇ ಇರಲಿಲ್ಲ. ಲಾಜಿಕ್ ಕೇಳಿದ ನಮಗಿಂತ ಆ ಅಜ್ಜಿ ಒಂದು ಹೆಜ್ಜೆ ಮುಂದೆ ಯೋಚಿಸಿದ್ದರು.

ಅಲ್ಲಿಂದಲೇ ನಾವು ಈ ವಿಷಯ ಓದೋಕೆ ಶುರು ಮಾಡಿದ್ದು. ಕೊಡುವವರು ಯಾರು? ಮೆದುಳು ಪೂರ್ತಿ ನಿಷ್ಕ್ರಿಯವಾಗಿ, ವೆಂಟಿಲೇಟರ್‌ನಿಂದ ಮಾತ್ರ ಉಸಿರಾಡುತ್ತಾ, ಹೃದಯ ಇನ್ನೂ ಬಡಿಯುತ್ತಿರುವವರು. 1994ರ ಕಾಯ್ದೆಯ ಪ್ರಕಾರ ನಾಲ್ಕು ಜನ ವೈದ್ಯರು, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಖಚಿತಪಡಿಸಬೇಕು. ಕೋಮಾ ಬೇರೆ, ಇದು ಬೇರೆ. ಇದರಿಂದ ಯಾರೂ ವಾಪಸ್ ಬರಲ್ಲ. ಹೀಗಾಗೋದಕ್ಕೆ ದೊಡ್ಡ ಕಾರಣಗಳಲ್ಲೊಂದು ರಸ್ತೆ ಅಪಘಾತದಲ್ಲಿ ತಲೆಗೆ ಬೀಳೋ ಪೆಟ್ಟು. ಅಂದರೆ, ನೇರವಾಗಿ ಹೇಳಬೇಕಂದ್ರೆ, ಮಧ್ಯರಾತ್ರಿ ಹೆಲ್ಮೆಟ್ ಇಲ್ಲದೆ ಟೀ ಕುಡಿಯೋಕೆ ಹೈವೇಗೆ ಹೋಗೋ ನಾವು. ವಯಸ್ಸು ಚಿಕ್ಕದು, ಲಿವರ್ ಚೆನ್ನಾಗಿರುತ್ತೆ. ಅಂಥ ಒಂದು ಲಿವರನ್ನ ಎರಡು ಭಾಗ ಮಾಡಿ ಚಿಕ್ಕದನ್ನ ಮಗುಗೆ, ದೊಡ್ಡದನ್ನ ದೊಡ್ಡವರಿಗೆ ಹಾಕಬಹುದು.

ಹಾಗಾದರೆ ಯಾಕೆ ಸಿಗಲ್ಲ? ಇಲ್ಲಿ ಮತ್ತೆ ನಂಬಿಕೆ ಬರುತ್ತೆ, ಈ ಸಲ ಉಲ್ಟಾ. "ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ತಾರೆ," "ದೇಹ ಪೂರ್ತಿ ಇಲ್ಲದಿದ್ರೆ ಸದ್ಗತಿ ಇಲ್ಲ." ನಮ್ಮ ಮನೆಗಳಲ್ಲೇ ಕೇಳಿದ ಮಾತುಗಳಿವು. ಬೇಕು ಅನ್ನೋವಾಗ ಒಂದು ದೇವರು, ಕೊಡಿ ಅನ್ನೋವಾಗ ಇನ್ನೊಂದು ದೇವರು! ಶಿವನಿಗೇ ಕಣ್ಣು ಕಿತ್ತು ಕೊಟ್ಟ ಕಣ್ಣಪ್ಪನನ್ನ ಪೂಜಿಸೋ ನಾಡು ಇದು. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಿಂದ ನಾಯಕರಾದ ರಾಜ್‌ಕುಮಾರ್, 2006ರಲ್ಲಿ ತೀರಿಕೊಂಡಾಗ ಕಣ್ಣು ಕೊಟ್ಟು ಹೋದರು. 2021ರಲ್ಲಿ ಅಪ್ಪುನೂ ಹಾಗೇ ಮಾಡಿದರು. ಅದೇ ವರ್ಷ ಬೈಕ್ ಅಪಘಾತದಲ್ಲಿ ಮೆದುಳು ನಿಷ್ಕ್ರಿಯವಾದ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನ ಮನೆಯವರು ದಾನ ಮಾಡಿದರು. ಆ ದುಃಖದಲ್ಲೂ 'ಹೂಂ' ಅಂದರಲ್ಲ, ನಮ್ಮ ಪ್ರಕಾರ ದೊಡ್ಡ ನಂಬಿಕೆ ಅಂದ್ರೆ ಅದು.

ಸಾಗಿಸೋದು, ಸಮಯ ಉಳಿಸೋದು ನಮ್ಮಂಥ ಇಂಜಿನಿಯರ್‌ಗಳಿಗೆ ಬಗೆಹರಿಸಬಹುದಾದ ವಿಷಯ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಮ್ಮ ಮೆಟ್ರೋದಲ್ಲೇ ವೈಟ್‌ಫೀಲ್ಡ್ ಕಡೆಯಿಂದ ರಾಜರಾಜೇಶ್ವರಿ ನಗರಕ್ಕೆ ಲಿವರ್ ತಗೊಂಡು ಹೋದರು. ಟ್ರಾಫಿಕ್ ದಾಟೋಕೆ ದಾರಿ ಸಿಕ್ತು. ಐಸಿಯು ಹೊರಗೆ ಕೂತ ಒಬ್ಬ ಅಮ್ಮನಿಂದ 'ಹೂಂ' ಅನ್ನೋ ಒಂದು ಮಾತು ಬರೋದಕ್ಕೆ ಮಾತ್ರ ಯಾವ ಮೆಟ್ರೋನೂ ಇಲ್ಲ.

ಆ ಮಗುಗೆ ಒಂದು ರಾತ್ರಿ ಫೋನ್ ಬಂತು. ಯಾರೋ ಒಬ್ಬ ಹುಡುಗ, ಅಷ್ಟೇ ಗೊತ್ತು. ದಾನಿಯ ಹೆಸರು ಹೇಳಲ್ಲ. ಈಗ ಮಗು ದಿನಾ ಮಾತ್ರೆ ತಗೊಂಡು ಮನೆ ತುಂಬ ಓಡಾಡ್ತಾಳೆ. ಅಜ್ಜಿ ಊರಿನ ದೇವಸ್ಥಾನಕ್ಕೆ ಅರ್ಚನೆ ಮಾಡಿಸೋಕೆ ಹೋದರು. ಮೊದಲು ಮೊಮ್ಮಗಳ ಹೆಸರಲ್ಲಿ. ಆಮೇಲೆ ಇನ್ನೊಂದು ಅಂದರಂತೆ. ಅರ್ಚಕರು "ಹೆಸರು? ನಕ್ಷತ್ರ?" ಅಂತ ಕೇಳಿದರು. "ಗೊತ್ತಿಲ್ಲ ಸ್ವಾಮಿ, ನಮಗೆ ಜೀವ ಕೊಟ್ಟ ಹುಡುಗ" ಅಂದರು ಅಜ್ಜಿ. ಅರ್ಚಕರು ಒಂದು ಕ್ಷಣ ನಿಂತು, ಹಾಗೇ ಮಾಡಿದರಂತೆ.

ಈಗ ನಮ್ಮ ಮಾತು. 18 ತುಂಬಿದ ಯಾರು ಬೇಕಾದ್ರೂ ಆಧಾರ್ ಬಳಸಿ ಆನ್‌ಲೈನಲ್ಲಿ ಅಂಗಾಂಗ ದಾನಕ್ಕೆ ಹೆಸರು ಬರೆಸಬಹುದು. ಐದು ನಿಮಿಷದ ಕೆಲಸ. ಆದರೆ ಅಷ್ಟಕ್ಕೇ ಸಾಲದು. ಆ ಹೊತ್ತಲ್ಲಿ ಮನೆಯವರು ಒಪ್ಪದೆ ಏನೂ ನಡೆಯಲ್ಲ. ನಿಮ್ಮ ಇಷ್ಟ ಏನು ಅಂತ ಅವರಿಗೆ ಮೊದಲೇ ಗೊತ್ತಿರಬೇಕು. ಆ ಐಸಿಯು ಬಾಗಿಲಲ್ಲಿ ಅವರೇ ಹೊಸದಾಗಿ ಯೋಚಿಸೋ ಹಾಗೆ ಬಿಡಬೇಡಿ.

ನಾವು ನಾಲ್ವರೂ ಒಂದೇ ರಾತ್ರಿ ಮನೆಗೆ ಫೋನ್ ಮಾಡಿದ್ವಿ. ಒಬ್ಬನ ಅಮ್ಮ "ಬಿಡ್ತು ಅನ್ನು!" ಅಂತ ಬೈದು ಫೋನ್ ಇಟ್ಟರು, ಮರುದಿನ ಅವರೇ ಮಾಡಿ "ಸರಿ, ಏನದು ಹೇಳು" ಅಂದರು. ಇನ್ನೊಬ್ಬನ ಅಪ್ಪ ಎಲ್ಲ ಕೇಳಿಸ್ಕೊಂಡು, "ಅದೆಲ್ಲ ಇರ್ಲಿ, ಮೊದ್ಲು ಹೆಲ್ಮೆಟ್ ಹಾಕ್ಕೊಂಡು ಗಾಡಿ ಓಡಿಸ್ತೀಯಾ?" ಅಂತ ಕೇಳಿದರು.

ಎರಡಕ್ಕೂ ಹೂಂ ಅಂದಿದ್ದೀವಿ. ನೀವೂ ಇವತ್ತು ರಾತ್ರಿ ಊಟ ಆದ ಮೇಲೆ ಮನೆಗೊಂದು ಫೋನ್ ಮಾಡಿ.