ಯಾರ ಪಾಲು ಎಷ್ಟು? ನೋಡುವುದು ಎಲ್ಲಿ ನಿಂತು?

ಶನಿವಾರದ ದಿನ ಮುತ್ತತ್ತಿಗೆ ಹೋದರೆ ಮುತ್ತತ್ತಿರಾಯನ ಗುಡಿಯ ಮುಂದೆ ಜನವೋ ಜನ. ಪೂಜೆ ಮುಗಿಸಿ ಹೊಳೆದಂಡೆಯ ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದೆವು. ಪಕ್ಕದಲ್ಲೇ ಮಳವಳ್ಳಿ ಕಡೆಯ ರೈತರೊಬ್ಬರು, ಜೊತೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗ. ನಾನು ಕಂಪ್ಯೂಟರ್ ವಿಷಯ ಬರೆಯುವವನೆಂದು ಮಾತಿನ ನಡುವೆ ತಿಳಿಯಿತು. ತಿಳಿದದ್ದೇ ತಡ, ತಂದೆಯ ದೂರು ಶುರುವಾಯಿತು.

"ಸಾ, ಇವ್ನ್ ಲ್ಯಾಪ್‌ಟಾಪ್‌ಗೆ ಎಂಟು ಜೀಬಿ ಅಂತ ದುಡ್ಡು ಈಸ್ಕೊಂಡವ್ರೆ. ಒಳಗ್ ನೋಡುದ್ರೆ ಏಳು ಪಾಯಿಂಟು ಎಂಟು ಅಂತ ತೋರುಸ್ತದೆ. ಅಳತೇಲಿ ಪಾವು ಹೊಡ್ದಂಗಾಯ್ತಲ್ವಾ?"

ಮಗನ ಅನುಮಾನ ಇನ್ನೂ ದೊಡ್ಡದು. ಅವನ ಕಾಲೇಜಿನಲ್ಲಿ ಹಳೆಯದೊಂದು ಬ್ಲೇಡ್ ಸರ್ವರ್ ಇದೆ. "ಮೆಮೊರಿ 64 ಜಿಬಿ ಅಂತ ಅದರ ಮೇಲೆ ಚೀಟಿ ಅಂಟಿಸಿದಾರೆ ಸಾರ್. ನಾನು ಲಾಗಿನ್ ಆದ್ರೆ 16 ಮಾತ್ರ ಕಾಣುತ್ತೆ. ಅದರಲ್ಲೂ ಖಾಲಿ ಇರೋದು ಒಂದೇ. ನಮ್ಮ ಪ್ರಾಜೆಕ್ಟಿಗೆ ಆರಾದ್ರೂ ಬೇಕು. ಹೊರಗೆ ಬಾಡಿಗೆಗೆ ತಗೊಳ್ಳೋಣ, ತಲೆಗೆ ಎರಡು ಸಾವಿರ ಆಗುತ್ತೆ ಅಂತಿದಾರೆ ಎಲ್ಲರೂ. ಉಳಿದ 48 ಎಲ್ಲಿ ಹೋಯ್ತು?"

ಎರಡು ಸಾವಿರ ಎಂದ ಕೂಡಲೇ ತಂದೆಯ ಮುಖ ನನ್ನ ಕಡೆ ತಿರುಗಿತು. ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ, ಎದುರಿಗೇ ಹರಿಯುತ್ತಿತ್ತು.

ಮುತ್ತತ್ತಿಯ ದಂಡೆಯಲ್ಲಿ ನಿಂತವನಿಗೆ ಕಾಣುವುದು ತುಂಬಿದ ಕಾವೇರಿ. ಆದರೆ ಆ ನೀರೆಲ್ಲ ಮುತ್ತತ್ತಿಯದಲ್ಲ. ಮೇಲೆ ಕನ್ನಂಬಾಡಿಯಲ್ಲಿ ಬಿಟ್ಟದ್ದು, ಕಬಿನಿ ತಂದದ್ದು, ಶಿಂಷಾ ಸೇರಿಸಿದ್ದು ಎಲ್ಲ ಕೂಡಿ ಇಲ್ಲಿ ಹಾಯುತ್ತದೆ. ಮುಂದೆ ಸಂಗಮ, ಮೇಕೆದಾಟು ದಾಟಿ ಗಡಿಯ ಬಿಳಿಗುಂಡ್ಲು ತಲುಪಿದಾಗ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರದಲ್ಲಿ ಅದರ ಲೆಕ್ಕ ಹಿಡಿಯುತ್ತಾರೆ. ದಂಡೆಯಲ್ಲಿ ಕೂತು ಎಷ್ಟು ಹೊತ್ತು ನೋಡಿದರೂ ಯಾರ ಪಾಲು ಎಷ್ಟೆಂದು ತಿಳಿಯದು. ಮೇಲೆ ಶಾಂತವಾಗಿ ಕಾಣುವ ಈ ನೀರಿನ ಅಡಿಯಲ್ಲಿ ಸುಳಿಗಳಿರುವುದೂ ತಿಳಿಯದು. ಈಜಲು ಇಳಿದು ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ, ತಂದೆತಾಯಿಗಳು ಗಮನಿಸಬೇಕು.

ಪಾಲಿನ ಲೆಕ್ಕ ಇರುವುದು ಕಾಗದದಲ್ಲಿ. ಒಟ್ಟು 740 ಟಿಎಂಸಿ ಎಂದು ನ್ಯಾಯಮಂಡಳಿ 2007ರಲ್ಲಿ ಇಟ್ಟ ಅಂದಾಜು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆಯನ್ನು ತಿದ್ದಿತು. ಆ ಪ್ರಕಾರ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7. ಕೂಡಿ ನೋಡಿ, 726 ಆಗುತ್ತದೆ. ಮಿಕ್ಕ 14 ಯಾವ ರಾಜ್ಯದ್ದೂ ಅಲ್ಲ. 10 ಪರಿಸರಕ್ಕೆ, 4 ಹೇಗೂ ಸಮುದ್ರ ಸೇರುವುದಕ್ಕೆ. ಆ 14 ಕಳುವಾಗಿಲ್ಲ, ಪಾಲಿನ ಲೆಕ್ಕದಲ್ಲಿಲ್ಲ, ಅಷ್ಟೆ. ಈ ಮಾತು ನೆನಪಿನಲ್ಲಿರಲಿ.

ಈಗ ಹುಡುಗನ ಯಂತ್ರಕ್ಕೆ ಬರೋಣ. ಬ್ಲೇಡ್ ಸರ್ವರ್ ಎಂದರೆ ಪುಸ್ತಕದ ಕಪಾಟಿನಲ್ಲಿ ಪುಸ್ತಕಗಳನ್ನು ನಿಲ್ಲಿಸಿದಂತೆ ಒಂದೇ ಪೆಟ್ಟಿಗೆಯಲ್ಲಿ ನಿಲ್ಲಿಸಿದ ತೆಳ್ಳನೆಯ ಕಂಪ್ಯೂಟರುಗಳು. ವಿದ್ಯುತ್ತು, ಫ್ಯಾನು ಎಲ್ಲಕ್ಕೂ ಸೇರಿ ಒಂದೇ ವ್ಯವಸ್ಥೆ. 2002ರಲ್ಲಿ ಬಂದ ಐಬಿಎಂ ಬ್ಲೇಡ್‌ಸೆಂಟರ್ ಪೆಟ್ಟಿಗೆಯಲ್ಲಿ ಇಂಥ 14 ಹಿಡಿಸುತ್ತಿದ್ದವು. ಒಂದೊಂದು ಬ್ಲೇಡನ್ನೂ ಮತ್ತೆ ಒಳಗೇ ಹಲವು ಕಂಪ್ಯೂಟರುಗಳಾಗಿ ಹಂಚಬಹುದು. ಇದಕ್ಕೆ ಲಾಜಿಕಲ್ ಪಾರ್ಟಿಷನ್ ಎನ್ನುತ್ತಾರೆ. ಐಬಿಎಂ ತನ್ನ ದೊಡ್ಡ ಯಂತ್ರಗಳಲ್ಲಿ 1988ರಲ್ಲೇ ಇದನ್ನು ತಂದಿತ್ತು. ಬ್ಲೇಡಿಗೆ ಇಳಿದದ್ದು ಆಮೇಲೆ. ಅಣ್ಣತಮ್ಮಂದಿರು ಪೋಡಿ ಮಾಡಿಸದೆ, ಕಲ್ಲು ನೆಡದೆ, ಒಂದೇ ಸರ್ವೆ ನಂಬರಿನಲ್ಲಿ ಇಷ್ಟು ಗುಂಟೆ ನಿನ್ನದು, ಇಷ್ಟು ನನ್ನದು ಎಂದು ಉಳುವುದಿಲ್ಲವೇ, ಹಾಗೆ. ವ್ಯತ್ಯಾಸ ಒಂದೇ: ಇಲ್ಲಿ ಒಬ್ಬನ ಎತ್ತು ಇನ್ನೊಬ್ಬನ ಹೊಲಕ್ಕೆ ನುಗ್ಗಲಾರದು. ತಡೆಯಲು ಹೈಪರ್‌ವೈಸರ್ ಎಂಬ ತಂತ್ರಾಂಶ ಕೂತಿರುತ್ತದೆ. ಕೆರೆಯ ತೂಬಿನ ಬಳಿ ಕೂತು ಯಾವ ಗದ್ದೆಗೆ ಎಷ್ಟು ನೀರೆಂದು ಬಿಡುವ ನೀರ್ಗಂಟಿಯ ಕೆಲಸ ಅದರದು.

ಲಾಗಿನ್ ಆದ ಹುಡುಗ ನಿಂತಿರುವುದು ಗದ್ದೆಯಲ್ಲಿ. ಅವನ ಪಾರ್ಟಿಷನ್ನಿಗೆ ಕೊಟ್ಟ 16 ಗಿಗಾಬೈಟೇ ಅವನಿಗೆ ಜಗತ್ತು. ಅದರಾಚೆ ಏನಿದೆಯೆಂದು ಅಲ್ಲಿನ ಲೀನಕ್ಸಿಗೆ ಗೊತ್ತಾಗದಂತೆಯೇ ವ್ಯವಸ್ಥೆ ಮಾಡಿರುತ್ತಾರೆ. ಇಡೀ ಕೆರೆ ನೋಡಬೇಕಾದರೆ ತೂಬಿನ ಬಳಿ ಹೋಗಬೇಕು. ಐಬಿಎಂನ ಪವರ್ ಬ್ಲೇಡುಗಳಲ್ಲಿ ಬ್ರೌಸರಿನಲ್ಲೇ ತೆರೆಯುವ ನಿರ್ವಹಣಾ ಪುಟವೊಂದಿದೆ. ಅಳವಡಿಸಿದ ಮೆಮೊರಿ ಎಷ್ಟು, ಯಂತ್ರ ತನಗೆಂದು ಕಾದಿಟ್ಟುಕೊಂಡದ್ದು ಎಷ್ಟು, ಹಂಚದೆ ಉಳಿದದ್ದು ಎಷ್ಟು ಎಂದು ಅದು ತೋರಿಸುತ್ತದೆ. ಹಿಟಾಚಿ ಬ್ಲೇಡುಗಳ ಪರದೆ ಇನ್ನೂ ಸೂಕ್ಷ್ಮ. ಮೆಮೊರಿಯ ಯಾವ ತುಂಡು ಎಲ್ಲಿಂದ ಆರಂಭ, ಎಷ್ಟು ಉದ್ದ, ಯಾರ ಹೆಸರಿನಲ್ಲಿದೆ ಎಂದು ಪಹಣಿಯ ಹಾಗೆ ಸಾಲುಸಾಲಾಗಿ ಬರೆದಿರುತ್ತದೆ.

ಹುಡುಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಊಹೆಯ ಲೆಕ್ಕ ಬರೆದೆವು. ಒಟ್ಟು 64. ವಿದ್ಯಾರ್ಥಿಗಳ ಪಾರ್ಟಿಷನ್ 16, ಗ್ರಂಥಾಲಯದ್ದು 8, ಆಫೀಸಿನದು 20; ಕೂಡಿದರೆ 44. ಹಾಗಾದರೆ 20 ಮಿಕ್ಕಬೇಕು. ಮಿಕ್ಕುವುದಿಲ್ಲ. ನೀರ್ಗಂಟಿಗೂ ಕೂಲಿ ಬೇಕಲ್ಲ, ಅದಕ್ಕೆ 2 ಎನ್ನಿ. ಇದರ ಮೇಲೆ, ತುಂಬ ಜನ ಗಮನಿಸದ ಇನ್ನೊಂದು ಖರ್ಚಿದೆ.

ಪವರ್ ಯಂತ್ರಗಳಲ್ಲಿ ಪ್ರತಿ ಪಾರ್ಟಿಷನ್ನಿಗೂ ಮೂರು ಅಂಕಿ ಬರೆಯಬೇಕು: ಕನಿಷ್ಠ, ಅಪೇಕ್ಷಿತ, ಗರಿಷ್ಠ. ಕನಿಷ್ಠದಷ್ಟೂ ಸಿಗದಿದ್ದರೆ ಪಾರ್ಟಿಷನ್ ಏಳುವುದೇ ಇಲ್ಲ. ಗರಿಷ್ಠ ಎಂದರೆ ಯಂತ್ರ ನಡೆಯುತ್ತಿರುವಾಗಲೇ ಎಲ್ಲಿಯವರೆಗೆ ಹೆಚ್ಚಿಸಬಹುದು ಎಂಬ ಮಿತಿ. ಬರೆಯುವುದಕ್ಕೆ ಕಾಸು ಖರ್ಚಿಲ್ಲವೆಂದು ಮೂರಕ್ಕೂ 64 ಎಂದು ಬರೆದುಬಿಡುತ್ತಾರೆ. ಆದರೆ ಯಾವ ವಿಳಾಸ ಎಲ್ಲಿದೆ ಎಂಬ ಪಟ್ಟಿಗೆ ಹೈಪರ್‌ವೈಸರ್ ಜಾಗ ಮೀಸಲಿಡುವುದು ಈ ಗರಿಷ್ಠವನ್ನು ನೋಡಿ. ಹಳೆಯ ಪವರ್ ಬ್ಲೇಡುಗಳಲ್ಲಿ ಅದರ 64ನೇ ಒಂದು ಭಾಗ. ಅಂದರೆ ಒಂದೊಂದಕ್ಕೆ 1, ಮೂರಕ್ಕೆ 3 ಗಿಗಾಬೈಟ್. ಯಾರೂ ಬಳಸದೆ ಹೋಯಿತು! ಗರಿಷ್ಠವನ್ನು 32ಕ್ಕೆ ಇಳಿಸಿ ಪಾರ್ಟಿಷನ್ನುಗಳನ್ನು ಮತ್ತೆ ಆರಂಭಿಸಿದರೆ ಒಂದೂವರೆ ವಾಪಸು ಬರುತ್ತದೆ. ಈ ಲೆಕ್ಕದಲ್ಲಿ ಹಂಚದೆ ಉಳಿದದ್ದು 15. ಅದರಲ್ಲಿ ಸ್ವಲ್ಪ ಕೊಡಿ ಎಂದು ಲ್ಯಾಬಿನವರನ್ನು ಕೇಳಬಹುದು.

ಆದರೆ ಕೇಳುವ ಮೊದಲು ಇನ್ನೊಂದು ವಿಷಯ ನೋಡಬೇಕು. ಒಂದೇ ಖಾಲಿ ಎಂದನಲ್ಲ ಹುಡುಗ, ಆ ಅಂಕಿಯೇ ದಾರಿ ತಪ್ಪಿಸುವಂಥದ್ದು. ಲೀನಕ್ಸಿನಲ್ಲಿ 'ಫ್ರೀ' ಎಂಬ ಆದೇಶ ಕೊಟ್ಟರೆ ಸಾಲಿನಲ್ಲಿ ಹಲವು ಕಾಲಂಗಳು ಬರುತ್ತವೆ. ಅವುಗಳಲ್ಲಿ ಎಲ್ಲರ ಕಣ್ಣು ಬೀಳುವುದು 'ಫ್ರೀ' ಎಂಬ ಕಾಲಮ್ಮಿನ ಮೇಲೆ. ಲೀನಕ್ಸಿಗೆ ಮೆಮೊರಿಯನ್ನು ಸುಮ್ಮನೆ ಬೀಳು ಬಿಡುವ ಅಭ್ಯಾಸವಿಲ್ಲ. ಡಿಸ್ಕಿನಿಂದ ಒಮ್ಮೆ ಓದಿದ್ದನ್ನು ಮತ್ತೆ ಬೇಕಾದೀತೆಂದು ಅಲ್ಲೇ ಪೇರಿಸಿಡುತ್ತದೆ. ಬೇರೆ ಕೆಲಸಕ್ಕೆ ಜಾಗ ಬೇಕಾದಾಗ ಅದರ ಬಹುಭಾಗವನ್ನು ತೆರವು ಮಾಡುತ್ತದೆ. ಹಾಗೆ ತೆರವಾಗಬಲ್ಲದ್ದನ್ನೂ ಸೇರಿಸಿ ಅಂದಾಜು ಹೇಳುವುದು ಕೊನೆಯ ಕಾಲಂ, 'ಅವೈಲಬಲ್'. 2014ರಿಂದ ಲೀನಕ್ಸೇ ಈ ಅಂದಾಜು ಕೊಡುತ್ತಿದೆ. ನೋಡಬೇಕಾದದ್ದು ಅದು.

"ಅದು ಎಷ್ಟಿತ್ತಪ್ಪ?" ಎಂದೆ. ನೋಡಿರಲಿಲ್ಲ.

"ನೋಡ್ದೇನೇ ಎರಡು ಸಾವ್ರ ಕೇಳ್ದಾ?" ಎಂದರು ತಂದೆ. ಹುಡುಗ ಹೊಳೆಯ ಕಡೆ ತಿರುಗಿದ.

ಲ್ಯಾಪ್‌ಟಾಪ್ ವಿಷಯ ಬಾಕಿಯಿತ್ತು. ಚೀಲದಲ್ಲೇ ಇತ್ತು, ತೆಗೆಸಿದೆವು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್, ಅದರಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಕೆಳಗೆ 'ಹಾರ್ಡ್‌ವೇರ್ ರಿಸರ್ವ್ಡ್' ಎಂಬ ಸಾಲಿನ ಎದುರಿಗೆ ಸುಮಾರು 200 ಮೆಗಾಬೈಟ್. ಈ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವ ಚಿಪ್ಪಿಗೆ ಬೇರೆ ಮೆಮೊರಿ ಇಲ್ಲದ್ದರಿಂದ ಮುಖ್ಯ ಮೆಮೊರಿಯಲ್ಲೇ ಸ್ವಲ್ಪ ಎತ್ತಿಡುತ್ತದೆ. ಮೊದಲು ಹೇಳಿದ 14 ಟಿಎಂಸಿಯ ಹಾಗೆ, ಇದ್ದೂ ಪಾಲಿನ ಲೆಕ್ಕಕ್ಕಿಲ್ಲ. ಮೂಲ ಅಂಕಿ 8 ಎಂದೇ ಮೇಲ್ಗಡೆ ಬರೆದಿತ್ತು. ಅಂಗಡಿಯವನು ಪಾವು ಹೊಡೆದಿರಲಿಲ್ಲ. ತಂದೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿಸಿಕೊಂಡರು.

ಮನೆಯಲ್ಲಿ ಇದನ್ನು ಮಾಡಿ ನೋಡಬೇಕೆನ್ನುವವರಿಗೆ ಬ್ಲೇಡ್ ಬೇಕಿಲ್ಲ. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. 8 ಗಿಗಾಬೈಟಿನ ಲ್ಯಾಪ್‌ಟಾಪಿನಲ್ಲಿ 2 ಕೊಟ್ಟು ಒಂದು ಲೀನಕ್ಸ್ ನಡೆಸಿ. ಒಳಗಿನಿಂದ ಒಮ್ಮೆ 'ಫ್ರೀ' ಆದೇಶ, ಹೊರಗಿನಿಂದ ಒಮ್ಮೆ ಟಾಸ್ಕ್ ಮ್ಯಾನೇಜರ್. ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಆಮೇಲೆ ಒಳಗಡೆ ಒಂದು ದೊಡ್ಡ ಕಡತ ನಕಲು ಮಾಡಿ ಮತ್ತೆ ನೋಡಿ. 'ಫ್ರೀ' ಕಾಲಂ ಕುಸಿಯುತ್ತದೆ, 'ಅವೈಲಬಲ್' ಹೆಚ್ಚು ಅಲುಗುವುದಿಲ್ಲ.

ಸೋಮವಾರ ಸಂಜೆ ಹುಡುಗನ ಫೋನ್ ಬಂತು. ಅವೈಲಬಲ್ 10 ಇತ್ತಂತೆ. ಪ್ರಾಜೆಕ್ಟ್ ಓಡುತ್ತಿದೆ.