ಸಿಪಾಯಿಯ ಕಾಗದ

ಸೈನ್ಯಕ್ಕೆ ಹೋಗಿ ಬಂದವನನ್ನು ನಮ್ಮ ಊರುಗಳು ಮರ್ಯಾದೆಯಿಂದ ನೋಡುತ್ತವೆ. ಆಗಸ್ಟ್ 15ಕ್ಕೆ ಶಾಲೆಯ ಬಾವುಟದ ಕಂಬದ ಪಕ್ಕ ನಿಲ್ಲಿಸಿ ಶಾಲು ಹೊದಿಸುತ್ತವೆ. ಆದರೆ ಆ ಮರ್ಯಾದೆಯ ನಿಜವಾದ ತೂಕ ಗೊತ್ತಾಗಬೇಕಾದರೆ ಅದೇ ಮನುಷ್ಯ ಸರ್ಕಾರಕ್ಕೆ ಒಂದು ಅರ್ಜಿ ಬರೆದು, ‘ನನ್ನ ಸೇವೆಯ ಮತ್ತು ಚಿಕಿತ್ಸೆಯ ದಾಖಲೆಗಳ ನಕಲು ಕೊಡಿ’ ಎಂದು ಕೇಳಬೇಕು. ಇಂಥ ಅರ್ಜಿಗಳನ್ನು ಕೂತು ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಬಂದ ಉತ್ತರಗಳನ್ನು ಓದಿ ಹೇಳಿದವನೂ ನಾನೇ. ಒಂದು ಕಚೇರಿ ಐದು ತಿಂಗಳು ಸುಮ್ಮನಿದ್ದು, ಆಮೇಲೆ ಎರಡು ಸಾಲು ಬರೆಯಿತು: ನಿಯಮದಂತೆ ಕಡತವನ್ನು ನಾಶಪಡಿಸಲಾಗಿದೆ.

ಆ ಕಡತದಲ್ಲಿ ಏನಿರುತ್ತದೆ? ಭರ್ತಿಯಾದ ದಿನ ವೈದ್ಯರು ಮೈಯೆಲ್ಲ ತಪಾಸಣೆ ಮಾಡಿ ಬರೆದ ಹಾಳೆ ಇರುತ್ತದೆ. ಎಲ್ಲೆಲ್ಲಿ ಪೋಸ್ಟಿಂಗ್, ಎಷ್ಟು ದಿನ ಗಡಿಯಲ್ಲಿ, ಎಷ್ಟು ದಿನ ಮಿಲಿಟರಿ ಆಸ್ಪತ್ರೆಯಲ್ಲಿ ಎಂಬ ವಿವರ ಇರುತ್ತದೆ. ಕೊನೆಗೆ ಮನೆಗೆ ಕಳಿಸುವಾಗ ಮೆಡಿಕಲ್ ಬೋರ್ಡು ಕೊಟ್ಟ ವರದಿ ಇರುತ್ತದೆ. ಸಿಪಾಯಿಯ ಕೈಗೆ ಸಿಗುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಇದರ ಸಾರ ಮಾತ್ರ. ಮೂಲವೆಲ್ಲ ಅವನ ದಳದ ರೆಕಾರ್ಡ್ ಆಫೀಸಿನಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯವನದು ಬೆಳಗಾವಿಯಲ್ಲಿ, ಮದ್ರಾಸ್ ಸ್ಯಾಪರ್ಸ್‌ನವನದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನವನದು ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ, ಫಿರಂಗಿ ದಳದವನದು ನಾಸಿಕ್ ರೋಡಿನಲ್ಲಿ, ಸಿಗ್ನಲ್ಸ್‌ನವನದು ಜಬಲ್‌ಪುರದಲ್ಲಿ. ಮನುಷ್ಯ ಸೋಮವಾರಪೇಟೆಯಲ್ಲಿ, ಅವನ ಬೆನ್ನುಮೂಳೆಯ ಇತಿಹಾಸ ಜಬಲ್‌ಪುರದಲ್ಲಿ!

ಈ ಕಾಗದ ಇಷ್ಟು ಮುಖ್ಯವಾಗುವುದು ಅಂಗವೈಕಲ್ಯ ಪಿಂಚಣಿ ಕೇಳುವಾಗ. 2013ರಲ್ಲಿ ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅಂದು ಜಾರಿಯಲ್ಲಿದ್ದ ನಿಯಮಗಳನ್ನು ಬಿಡಿಸಿ ಹೇಳಿತು. ಸೇರುವಾಗ ಮಾಡಿದ ತಪಾಸಣೆಯಲ್ಲಿ ಕಾಯಿಲೆ ನಮೂದಾಗಿಲ್ಲ ಎಂದರೆ ಅವನು ಆರೋಗ್ಯವಂತನಾಗಿಯೇ ಸೇರಿದ ಎಂದು ತಿಳಿಯಬೇಕು. ಆಮೇಲೆ ಬಂದ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದು ಸಾಧಿಸುವ ಹೊಣೆ ಸೈನ್ಯದ್ದು. ಬೋರ್ಡು ‘ಸಂಬಂಧವಿಲ್ಲ’ ಎಂದು ಒಂದು ಪದ ಗೀಚಿದರೆ ಸಾಲದು, ಕಾರಣ ಕೊಡಬೇಕು. 1994ರಲ್ಲಿ ಮನೆಗೆ ಕಳಿಸಲ್ಪಟ್ಟವನಿಗೆ ಈ ಮಾತು ಕೇಳಲು 19 ವರ್ಷ ಬೇಕಾಯಿತು. ಒಳ್ಳೆಯ ತೀರ್ಪೇ. ಆದರೆ ಅದರ ಆಧಾರವೇ ಸೇರುವಾಗಿನ ಆ ಒಂದು ಹಾಳೆ, ಹೊರಹೋಗುವಾಗಿನ ಇನ್ನೊಂದು ಹಾಳೆ. ಎರಡೂ ಎದುರು ಕಕ್ಷಿಯ ಬೀರುವಿನಲ್ಲಿ. ಸಾಕ್ಷಿಯನ್ನು ಪ್ರತಿವಾದಿಯ ಮನೆಯಲ್ಲಿ ಕೂಡಿಹಾಕಿ ‘ಹೋಗು, ದಾವೆ ಹೂಡು’ ಎಂದರೆ ಅದು ಯಾವ ನ್ಯಾಯ?

ಇನ್ನೂ ಕ್ರೂರವಾದ ಸಂಗತಿ ಒಂದಿದೆ. ಪಿಂಚಣಿ ಪಡೆಯುವವನ ಕಡತವನ್ನು ಜೋಪಾನ ಮಾಡುತ್ತಾರೆ. ಪಿಂಚಣಿ ಇಲ್ಲದವನ ಕಡತವನ್ನು 25 ವರ್ಷ ಇಟ್ಟು ನಾಶಪಡಿಸುತ್ತಾರೆ. ಕೇಳಲು ಇದು ಸಾಮಾನ್ಯ ದಫ್ತರಿನ ನಿಯಮ. ಆದರೆ ಪಿಂಚಣಿ ಇಲ್ಲದವನು ಯಾರು? ಹತ್ತು ವರ್ಷವೂ ತುಂಬುವ ಮೊದಲೇ ಕಾಯಿಲೆಯ ಕಾರಣಕ್ಕೆ ಹೊರಹಾಕಲ್ಪಟ್ಟು, ‘ಇದು ಸೇವೆಯಿಂದ ಬಂದದ್ದಲ್ಲ’ ಎಂಬ ಷರಾದೊಂದಿಗೆ ಬರಿಗೈಯಲ್ಲಿ ಊರಿಗೆ ಬಂದವನೂ ಅವರಲ್ಲಿ ಒಬ್ಬ. ಅಂದರೆ ಯಾರಿಗೆ ಅನ್ಯಾಯವಾಗಿದೆಯೋ, ಯಾರಿಗೆ ಆ ಕಾಗದ ಎಲ್ಲರಿಗಿಂತ ಹೆಚ್ಚು ಬೇಕೋ, ಅವನ ಕಾಗದವೇ ಮೊದಲು ಸುಡುತ್ತದೆ. ಅನ್ಯಾಯ ತನ್ನ ಗುರುತನ್ನು ತಾನೇ ಅಳಿಸಿಕೊಳ್ಳಲು ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಬೇಕೆ?

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಸೈನಿಕರ ದಾಖಲೆಗಳನ್ನಿಟ್ಟಿದ್ದ ಕಟ್ಟಡಕ್ಕೆ 1973ರ ಜುಲೈನಲ್ಲಿ ಬೆಂಕಿ ಬಿದ್ದು 160ರಿಂದ 180 ಲಕ್ಷ ಕಡತಗಳು ಹೋದವು. ಆಮೇಲೆ ಅಲ್ಲಿಯವರು ಸಂಬಳದ ಚೀಟಿ ಮೊದಲಾದ ಬೇರೆ ಕಾಗದಗಳಿಂದ ಹೋದ ಸೇವಾ ವಿವರಗಳನ್ನು ಮತ್ತೆ ಕಟ್ಟಿಕೊಡುವ ಕೆಲಸಕ್ಕೆ ಕೈ ಹಾಕಿದರು. ಅಲ್ಲಿ ಸುಟ್ಟದ್ದು ಬೆಂಕಿ, ಆದ್ದರಿಂದ ಅದನ್ನು ನಷ್ಟ ಎಂದು ಒಪ್ಪಿಕೊಂಡರು. ಇಲ್ಲಿ ಸುಡುವುದು ನಿಯಮ. ಆದ್ದರಿಂದ ಯಾರಿಗೂ ನಷ್ಟವಾದಂತೆ ಕಾಣುವುದಿಲ್ಲ.

‘ರಕ್ಷಣಾ ಇಲಾಖೆಯ ವಿಷಯ, ಗುಟ್ಟು ಇರುತ್ತದಲ್ಲ’ ಎನ್ನುವವರಿದ್ದಾರೆ. ಸ್ವಾಮಿ, ಒಬ್ಬನ ಮೂರ್ಛೆರೋಗದಲ್ಲಿ, ಸವೆದ ಮಂಡಿಯಲ್ಲಿ ದೇಶದ ಯಾವ ಗುಟ್ಟಿದೆ? ಕಾಯಿಲೆಯನ್ನು ಅನುಭವಿಸಿದವನಿಗೇ ಅದು ಗುಟ್ಟೆ? 2005ರ ಮಾಹಿತಿ ಹಕ್ಕು ಕಾಯ್ದೆ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟ ಪಟ್ಟಿಯಲ್ಲಿ ಗಡಿ ಭದ್ರತಾ ಪಡೆಯಿದೆ, ಸಿ.ಆರ್.ಪಿ.ಎಫ್. ಇದೆ. ಭೂಸೇನೆ, ನೌಕಾಪಡೆ, ವಾಯುಪಡೆಗಳ ಹೆಸರಿಲ್ಲ. ಹಾಗಾಗಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ನಕಲಿಗೆ ಪುಟಕ್ಕೆ ಎರಡು ರೂಪಾಯಿ. ಇನ್ನೂರು ಪುಟದ ಕಡತವಾದರೂ ನಾನೂರು ರೂಪಾಯಿ. ಉತ್ತರ ಬರದಿದ್ದರೆ ಮೇಲ್ಮನವಿಗೆ ದಾರಿಯಿದೆ. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಲು ಅವಕಾಶವಿದೆ.

‘ಕಾಯ್ದೆ ಇದೆಯಲ್ಲ, ಮತ್ತೇನು ದೂರು?’ ಎಂದು ಕೇಳಬಹುದು. ಕೇಳಿದರೆ ಕೊಡಬೇಕು ಎನ್ನುವ ಕಾಯ್ದೆ ಕೇಳಲು ಬಲ್ಲವನಿಗೆ. ಇಪ್ಪತ್ತರ ಹರೆಯದಲ್ಲಿ ಸೇರಿ ಮೂವತ್ತರೊಳಗೆ ಮನೆಗೆ ಬಂದವನಿಗೆ ಈ ಹಾಳೆಗಳ ಹೆಸರೂ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕೂದಲು ನೆರೆತಿರುತ್ತದೆ, 25 ವರ್ಷ ಮುಗಿದಿರುತ್ತದೆ. ಇಲ್ಲದ ಕಾಗದವನ್ನು ಯಾವ ಕಾಯ್ದೆಯೂ ತಂದುಕೊಡಲಾರದು. ಇನ್ನು ಅವನ ಹೆಂಡತಿಯ ಪಾಡು. ಸಾವು ಸೇವೆಯಿಂದಾದದ್ದು ಎಂದು ಒಪ್ಪಿದರೆ ಅವಳಿಗೆ ವಿಶೇಷ ಕುಟುಂಬ ಪಿಂಚಣಿ, ಕೊನೆಯ ಸಂಬಳದ ನೂರಕ್ಕೆ 60. ಒಪ್ಪದಿದ್ದರೆ ಸಾಧಾರಣ ದರ, ನೂರಕ್ಕೆ 30. ಮನೆಯ ಅರ್ಧ ಅನ್ನ ಆಸ್ಪತ್ರೆಯ ಕೇಸ್ ಶೀಟಿನ ಮೇಲೆ ನಿಂತಿದೆ. ಅದನ್ನು ಕೇಳಿದರೆ, ‘ಇದು ಇನ್ನೊಬ್ಬರ ಖಾಸಗಿ ಮಾಹಿತಿ’ ಎಂಬ ಉತ್ತರ ಬಂದದ್ದನ್ನೂ ನಾನು ಓದಿದ್ದೇನೆ. ಸತ್ತವನ ಖಾಸಗಿತನವನ್ನು ಅವನ ಹೆಂಡತಿಯಿಂದ ಕಾಪಾಡುವ ಈ ಕಾಳಜಿಗೆ ಏನೆನ್ನಬೇಕು?

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಸೈನಿಕ ಮನೆಗೆ ಹೊರಡುವ ದಿನ, ಅವನು ಕೇಳಲಿ ಬಿಡಲಿ, ಸೇವೆಯ ಮತ್ತು ಚಿಕಿತ್ಸೆಯ ಪೂರ್ತಿ ಕಡತದ ನಕಲನ್ನು ಅವನ ಕೈಗಿಟ್ಟು ರುಜು ಪಡೆಯಬೇಕು. ಅವನು ತೀರಿಹೋದರೆ ಅದೇ ನಕಲು ಹೆಂಡತಿಗೆ ಸಲ್ಲಬೇಕು. ಕಾಯಿಲೆಯಿಂದ ಹೊರಬಿದ್ದವನ ಕಡತವನ್ನು, ಪಿಂಚಣಿ ಇರಲಿ ಇಲ್ಲದಿರಲಿ, ನಾಶ ಮಾಡಕೂಡದು. ಆಯುಧವನ್ನು ಎಣಿಸಿ ಹಿಂದಕ್ಕೆ ಪಡೆಯುವ ಸೈನ್ಯಕ್ಕೆ ಕಾಗದವನ್ನು ಎಣಿಸಿ ಕೊಡುವುದು ಕಷ್ಟವಾಗಲಾರದು. ಅಲ್ಲಿಯವರೆಗೆ, ಊರಿನಲ್ಲಿ ಮಾಜಿ ಸೈನಿಕನಿಗೆ ಶಾಲು ಹೊದಿಸುವವರು ಒಂದು ಕೆಲಸ ಮಾಡಲಿ: ಹೊದಿಸಿದ ಮೇಲೆ ಪಕ್ಕದಲ್ಲಿ ಕೂತು ಅವನಿಗೊಂದು ಅರ್ಜಿ ಬರೆದುಕೊಡಲಿ.